ನಾಲ್ಕು ಸಾಲಿನ ಕಾರ್ಡು

ಹಡಗು ಹತ್ತಿ ಹೋದವರ ಕಥನಗಳನ್ನು ಓದಿ ರೂಢಿಯಿದ್ದವರಿಗೆ ನನ್ನದು ಪರದೇಶ ಪ್ರವಾಸ ಎನಿಸಲಿಕ್ಕಿಲ್ಲ. ನಾನು ದಾಟಿದ್ದು ಹರಿಹರದ ಹೊಳೆಯನ್ನಷ್ಟೇ. ಅದೂ ರೈಲಿನ ಸೇತುವೆಯ ಮೇಲೆ, ಅರೆನಿದ್ದೆಯಲ್ಲಿ. ಆದರೆ ಹೊಳೆಯ ಈಚೆಗಿನ ನಮ್ಮ ಧಾರವಾಡ ಮುಂಬಯಿ ಸರಕಾರಕ್ಕೆ ಸೇರಿದ್ದು, ಆಚೆಗಿನ ಅರಸೀಕೆರೆ ಮೈಸೂರು ಸರಕಾರಕ್ಕೆ. ಅಲ್ಲಿ ಪಾಠಪುಸ್ತಕ ಬೇರೆ, ಕಾಳು ಅಳೆಯುವ ಸೇರು ಬೇರೆ, ತಟ್ಟೆಗೆ ಬೀಳುವ ಅನ್ನ ಬೇರೆ. ಮಾತು ಮಾತ್ರ ಎರಡೂ ಕಡೆ ಒಂದೇ ಎಂದು ಏಕೀಕರಣದ ಸಭೆಗಳಲ್ಲಿ ಹೇಳುವಾಗ ನಾನೂ ಚಪ್ಪಾಳೆ ತಟ್ಟಿದ್ದೇನೆ. ತಟ್ಟಿದ್ದು ತಪ್ಪೆಂದು ಈಗಲೂ ಅನ್ನಲಾರೆ. ಆದರೆ ಒಂದೇ ಮಾತನ್ನು ಆಡಿ ಆಡಿ ಮನುಷ್ಯ ಇಷ್ಟು ದಣಿಯಬಹುದೆಂದು ಹೋಗುವ ಮೊದಲು ನನಗೆ ಗೊತ್ತಿರಲಿಲ್ಲ.

ಹೋದ ಕಾರಣ ಇದು. ಒಂದೂವರೆ ವರ್ಷದ ಹಿಂದೆ ನನ್ನ ಅಕ್ಕ ಶಾಂತವ್ವನನ್ನು ಹಳೇಬೀಡಿಗೆ ಕೊಟ್ಟೆವು. ಎರಡೂ ಮನೆಗಳನ್ನು ಬಲ್ಲ ಮಠದ ಸ್ವಾಮಿಗಳೊಬ್ಬರ ಮಾತಿನಿಂದ ಕೂಡಿದ ಸಂಬಂಧ. ಅವರದು ತೆಂಗು, ಕೊಬ್ಬರಿ ವ್ಯಾಪಾರದ ಮನೆ. ಅಲ್ಲಿಂದ ಅಕ್ಕನ ಕಾರ್ಡುಗಳು ಬರುತ್ತಿದ್ದವು. ನಾನು ಕಚೇರಿಯಲ್ಲಿ ಬಂದ ಹೋದ ಕಾಗದಗಳ ಆವಕ ಜಾವಕ ದಫ್ತರ ಬರೆಯುವವನು. ಬಂದ ಕಾಗದಕ್ಕೆ ನಂಬರು ಮತ್ತು ತಾರೀಖು ಹಾಕದಿದ್ದರೆ ಕೈಗೆ ಸಮಾಧಾನವಿಲ್ಲ. ಮನೆಯ ಕಾರ್ಡುಗಳಿಗೂ ಹಾಕಿಟ್ಟಿದ್ದೆ. ಒಟ್ಟು ಹದಿನಾಲ್ಕು. ಮೊದಲನೆಯದರಲ್ಲಿ ಇಪ್ಪತ್ತಾರು ಸಾಲು. ಇರುವೆಯಂಥ ಅಕ್ಷರ, ಜಾಗ ಸಾಲದೆ ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದಳು. ಐದನೆಯದರಲ್ಲಿ ಹದಿನೈದು. ಒಂಬತ್ತನೆಯದರಲ್ಲಿ ಎಂಟು. ಹನ್ನೊಂದರಿಂದ ಹದಿನಾಲ್ಕರವರೆಗೆ ನಾಲ್ಕೇ ಸಾಲು, ಪ್ರತಿ ಸಲ ಅವೇ ನಾಲ್ಕು: "ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು. ಹಿರಿಯರಿಗೆ ಶರಣು. ಇಂತಿ ಶಾಂತಮ್ಮ."

"ಶಾಂತಮ್ಮ ಯಾರ?" ಎಂದಳು ಅವ್ವ. ಅಪ್ಪ ತೀರಿಕೊಂಡ ಮೇಲೆ ಅವಳು ಯಾವುದನ್ನೂ ಎರಡು ಸಲ ಹೇಳುವುದಿಲ್ಲ. ಆ ದಿನ ಎರಡು ಸಲ ಹೇಳಿದಳು. "ನೀ ಹೋಗಿ ನೋಡಿ ಬಾ. ಸುಖ ಇದ್ದರ ಬಿಟ್ಟ ಬಾ. ಇಲ್ಲಂದ್ರ ಕರಕೊಂಡ ಬಾ. ಇವೆರಡರಾಗ ಒಂದು. ನಡುವಿಂದು ನನಗ ಬ್ಯಾಡ."

ಆರು ದಿನದ ರಜೆ ಬರೆದುಕೊಟ್ಟು ಗುರುವಾರ ಸಂಜೆ ಹೊರಟೆ.

ಅರಸೀಕೆರೆ, ಶುಕ್ರವಾರ ಮುಂಜಾನೆ

ರೈಲಿನ ಡಬ್ಬಿಯಲ್ಲಿ ನನ್ನ ಎದುರಿಗೆ ತಿಪಟೂರಿಗೆ ಹೋಗುವ ಕೊಬ್ಬರಿ ವ್ಯಾಪಾರಿಯೊಬ್ಬರು ಕುಳಿತಿದ್ದರು. ಬೆಳಕು ಹರಿಯುವಾಗ ಎಲೆ ಅಡಿಕೆಯ ಚೀಲ ಬಿಚ್ಚಿ ಕೇಳಿದರು: "ರಾಜ್ಯ ಎಲ್ಲ ಒಂದಾಯ್ತದೆ ಅಂತಾರಲ್ಲ ಕಣ್ರೀ, ಆದ್ಮೇಲೆ ನಾವ್ ನಿಮ್ ಥರ ಮಾತಾಡ್ಬೇಕೋ, ನೀವ್ ನಮ್ ಥರ ಮಾತಾಡ್ಬೇಕೋ?"

"ಅವರವರ ಮಾತು ಅವರವರು ಆಡಿದ್ರಾತು ಬಿಡ್ರಿ," ಎಂದೆ.

"ಆಡಿದ್ರಾತು ಬಿಡ್ರಿ!" ಎಂದು ಪಕ್ಕದವರ ತೊಡೆ ತಟ್ಟಿ ಹೇಳಿದರು. ಇಬ್ಬರೂ ನಕ್ಕರು. ನನಗೆ ಬೇಸರವೇನೂ ಆಗಲಿಲ್ಲ. ಚೀಲದಿಂದ ಎರಡು ವೀಳ್ಯದೆಲೆ ತೆಗೆದು ನನಗೂ ಕೊಟ್ಟರು. ನಾನು ದಿನಚರಿ ತೆಗೆದು ಒಂದು ಪುಟದ ಮೇಲೆ 'ನಗು' ಎಂದು ಬರೆದು ಕೆಳಗೆ ಒಂದು ಗೀಟು ಹಾಕಿದೆ. ಎಷ್ಟಾಗುತ್ತದೆ ನೋಡೋಣ ಎಂದು, ಬರೀ ತಮಾಷೆಗೆ.

ಅರಸೀಕೆರೆ ದೊಡ್ಡ ಜಂಕ್ಷನ್ನು. ಚಹಾ ಕೇಳಿದೆ, ಎಲ್ಲಿಯೂ ಕಾಫಿಯೇ. ಹೋಟೆಲಿನವನು "ಛಾ ಅಂತೆ" ಎಂದು ಒಳಗೆ ಕೂಗಿದ; ಎರಡನೆಯ ಗೀಟು. ಹಳೇಬೀಡಿನ ಬಸ್ಸಿಗೆ ಹೋದರೆ ಕಂಡಕ್ಟರು, "ಕೂತ್ಕಳಿ ಸ್ವಾಮಿ, ಈಗ ಬತ್ತೀನಿ" ಎಂದು ಇಳಿದು ಹೋದ. ನಾನು ಗಡಿಯಾರ ನೋಡಿಕೊಂಡೆ. ಅವನ 'ಈಗ' ಬರಲು ಒಂದು ತಾಸು ಹತ್ತು ಮಿನಿಟು ಹಿಡಿಯಿತು. ಅಷ್ಟೂ ಹೊತ್ತು ಬಸ್ಸಿನಲ್ಲಿ ಕುಳಿತಿದ್ದ ಯಾರೊಬ್ಬರೂ ಚಡಪಡಿಸಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟರಲ್ಲಿ ನಾಲ್ಕು ಮಂದಿ ಇಳಿದು ಅವನನ್ನು ಹುಡುಕಿ ಜಗಳ ತೆಗೆದು, ಜಗಳ ಮುಗಿಸಿ, ಅವನ ಜೊತೆಗೇ ಚಹಾ ಕುಡಿದು ಬರುತ್ತಿದ್ದರು. ಇಲ್ಲಿ ನನ್ನ ಪಕ್ಕದ ಮುದುಕಿ, "ಬತ್ತೀನಿ ಅಂದವ್ನೆ, ಬತ್ತಾನೆ ಬುಡಪ್ಪ" ಎಂದು ಸೆರಗು ಹೊದ್ದು ಮಲಗಿದಳು.

ಜಾವಗಲ್ಲು ದಾಟುವ ಹೊತ್ತಿಗೆ ಬೆನ್ನು ನೋಯತೊಡಗಿತ್ತು. ನಗುವಿನ ಪುಟದಲ್ಲಿ ಆರು ಗೀಟು.

ಹಳೇಬೀಡು, ಶುಕ್ರವಾರ

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮನೆಯಲ್ಲಾಗಿದ್ದರೆ "ಬಾರೋ ತಮ್ಮಾ, ಎಷ್ಟ ಸೊರಗೀಯೋ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಈಗ ಚೊಂಬಿನ ನೀರು ಮುಂದಿಟ್ಟು, "ಬಾಪ್ಪ, ಚೆನ್ನಾಗಿದೀಯಾ? ಅಮ್ಮ ಚೆನ್ನಾಗಿದಾರಾ?" ಎಂದಳು. ನಾನು ಅವಳ ಹಿಂದೆ ಯಾರಾದರೂ ನಿಂತು ಆ ಮಾತು ಆಡಿದರೋ ಎಂದು ನೋಡಿದೆ. ಯಾರೂ ಇರಲಿಲ್ಲ.

ಅವಳ ಅತ್ತೆ ಗೌರಮ್ಮನವರು ದುಂಡಗಿನ ಮೈಯ, ದೊಡ್ಡ ದನಿಯ ಹೆಂಗಸು. ಮಾತಿಗೊಂದು ನಗು. ಬಾವ ಚನ್ನಬಸಪ್ಪ ಅಷ್ಟೇ ಮೆತ್ತಗಿನವರು. ಅಂಗಡಿಯಿಂದ ಬಂದವರೇ ನನ್ನ ಚೀಲ ತೆಗೆದು ಒಳಗಿಟ್ಟು, ಏನು ಹೇಳುವುದೋ ತಿಳಿಯದೆ ಮತ್ತೆ ಅದನ್ನೇ ತೆಗೆದು ಬೇರೆ ಮೂಲೆಯಲ್ಲಿಟ್ಟರು.

ಊಟಕ್ಕೆ ರಾಗಿ ಮುದ್ದೆ. ನಾನು ರೊಟ್ಟಿಯ ಹಾಗೆ ಮುರಿದು ಅಗಿಯತೊಡಗಿದೆ. ಅದು ಹಲ್ಲಿಗೆ ಹಿಡಿಯಿತು, ಮೇಲಿನ ದವಡೆಗೆ ಹಿಡಿಯಿತು, ಅಲ್ಲಿಂದ ಬಿಡಲೊಲ್ಲದು.

"ಅಯ್ಯೋ, ಅಗೀತಾ ಅವ್ನೆ ನೋಡ್ರೋ!" ಗೌರಮ್ಮನವರು ಸೌಟು ಕೆಳಗಿಟ್ಟರು. "ನುಂಗಪ್ಪ, ನುಂಗು. ನಿಮ್ಮಕ್ಕನೂ ಮೊದಲ್ನೇ ದಿನ ಹಿಂಗೇ, ಹಸು ಮೆಲುಕು ಹಾಕ್ದಂಗೆ ಹಾಕ್ತಾ ಕೂತಿದ್ಲು. ಸಾರು ಬೇಕಾ?"

"ಬಾಯಿ ತುಂಬೇತ್ರಿ, ನಿಂದರ್ರಿ," ಎಂದೆ ಹೇಗೋ.

ಪಕ್ಕದ ಮನೆಯಿಂದ ಇಬ್ಬರು ಹೆಂಗಸರು ಅದೇ ಹೊತ್ತಿಗೆ ಮೊಸರು ಕೇಳುವ ನೆಪದಲ್ಲಿ ಬಂದು ಕಂಬಕ್ಕೆ ಒರಗಿದ್ದರು. "ನಿಂದರ್ರಿ!" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಗೌರಮ್ಮನವರಿಗೆ ಉತ್ಸಾಹ ಬಂತು.

"ಶಾಂತಾ, ಪೊರಕೆಗೆ ಅದೇನೋ ಅಂತಿದ್ದಲ್ಲೇ ನೀನು ಆವಾಗ? ಅಂದ್ ತೋರ್ಸು ಇವ್ರಿಗೆ."

ಅಕ್ಕ ಸಾರು ಬಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಪೊರಕೆಗೆ ಪೊರಕೆ ಅಂತಾರೆ ಅತ್ತೆ."

"ಕಸಬರಿಗಿ ಅಂತೇವ್ರಿ ನಾವು," ಎಂದೆ ನಾನು, ಸಹಾಯ ಮಾಡುವವನ ಹಾಗೆ.

ಮನೆ ಹಾರಿಹೋಗುವಂತೆ ನಕ್ಕರು. ಬಾವನೂ ನಕ್ಕರು. ಮುಂದೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ: ಈರುಳ್ಳಿಗೆ ಉಳ್ಳಾಗಡ್ಡಿ, ಕಡ್ಲೆಕಾಯಿಗೆ ಶೇಂಗಾ, ಬಟ್ಟೆಗೆ ಅರಬಿ, ಬೇಗ ಎನ್ನಲಿಕ್ಕೆ ಲಗೂ. ನನಗೆ ಅತಿಥಿಯ ಮೆರವಣಿಗೆಯಂತೆ ಅನಿಸುತ್ತಿತ್ತು. ಅಕ್ಕನ ಮುಖ ನೋಡಿದಾಗ ನನ್ನ ನಾಲಿಗೆ ನಿಂತಿತು. ಅವಳು ನನ್ನನ್ನು ನೋಡುತ್ತಿದ್ದದ್ದು ಕೋಪದಿಂದ ಏನಲ್ಲ. ದಿನವಿಡೀ ಹೊತ್ತು ತಂದ ಹೊರೆಯನ್ನು ಈಗತಾನೇ ಕೆಳಗಿಟ್ಟವರ ಮುಂದೆ ಯಾರೋ ಅದನ್ನು ಮತ್ತೆ ಎತ್ತಿ ತಂದಿಟ್ಟರೆ ಹೇಗೆ ನೋಡುತ್ತಾರೋ ಹಾಗೆ ನೋಡುತ್ತಿದ್ದಳು.

ದಿನದ ಲೆಕ್ಕ: ನಗು, ಹದಿನೇಳು. ಅಕ್ಕ ನನ್ನೊಡನೆ ಆಡಿದ ವಾಕ್ಯ, ಇಪ್ಪತ್ತೆರಡು. ಅದರಲ್ಲಿ ನಮ್ಮ ಮಾತಿನ ವಾಕ್ಯ, ಒಂದೂ ಇಲ್ಲ.

ಹಳೇಬೀಡು, ಶನಿವಾರ

ಇಲ್ಲಿನ ಗುಡಿಯ ಶಿಲ್ಪಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ಆನೆಗಳ ಸಾಲಿನಲ್ಲಿ ಒಂದು ಮೂಲೆಯಿಂದ ಎಣಿಸಲು ಶುರುಮಾಡಿ ನೂರ ಹನ್ನೆರಡಕ್ಕೆ ತಪ್ಪಿಸಿಕೊಂಡೆ ಎಂದಷ್ಟೇ ನಾನು ಹೇಳಬಲ್ಲೆ. ತಪ್ಪಿದ್ದು ಒಬ್ಬ ಯಜಮಾನರಿಂದ. "ನೀವು ಛಲೋ ಅಮ್ಮೋರ ತಮ್ಮ ಅಲ್ವಾ?" ಎಂದು ಕೇಳಿದರು.

"ಯಾರ್ರೀ?"

"ಅದೇ, ಚನ್ನಬಸಪ್ಪನ ಹೆಂಡ್ತಿ. ಎಲ್ಲಕ್ಕೂ ಛಲೋ ಛಲೋ ಅಂತಿದ್ರಲ್ಲ, ಹಂಗೇ ನಿಂತೋಯ್ತು ಹೆಸ್ರು. ಈಗ ಅನ್ನಕ್ಕಿಲ್ಲ ಬುಡಿ, ಚೆನ್ನಾಗಿ ಕಲ್ತವ್ರೆ."

ತಲುಪಿದ ಸುದ್ದಿ ತಿಳಿಸಲು ಅವ್ವನಿಗೆ ಕಾರ್ಡು ಬರೆಯಬೇಕಿತ್ತು. ಅಕ್ಕನ ಮನೆಯ ಬೀದಿಯ ತಿರುವಿನಲ್ಲಿ ಪುಟ್ಟಯ್ಯ ಎಂಬವರ ದಿನಸಿ ಅಂಗಡಿ. ಅವರು ಅಂಚೆಯವರೇನಲ್ಲ, ಕಾರ್ಡುಗಳನ್ನು ತಂದಿಟ್ಟು ಮಾರುತ್ತಾರೆ, ಬರೆದು ಕೊಟ್ಟದ್ದನ್ನು ಕಟ್ಟಿಟ್ಟು ಅಂಚೆಗೆ ಮುಟ್ಟಿಸುತ್ತಾರೆ. ಬೀದಿಯವರೆಲ್ಲ ಅವರ ಕೈಗೇ ಕೊಡುವುದು ರೂಢಿ. ಅಲ್ಲಿಯೇ ಮೂಟೆಯ ಮೇಲೆ ಕುಳಿತು ಹನ್ನೆರಡು ಸಾಲು ಬರೆದೆ. ಪುಟ್ಟಯ್ಯ ಕೈ ಚಾಚಿ ಇಸಕೊಂಡರು, ಕನ್ನಡಕ ಏರಿಸಿದರು, ಗಂಟಲು ಸರಿಮಾಡಿಕೊಂಡರು, ಓದತೊಡಗಿದರು. ಗಟ್ಟಿಯಾಗಿ.

"ಅವ್ವಾ, ನಾ ಛಲೋತ್ನಾಗಿ ಬಂದು ಮುಟ್ಟೀನಿ..."

ಅಂಗಡಿಯ ಮುಂದೆ ಆರು ಮಂದಿ ಇದ್ದರು. ಇದು ಅಲ್ಲಿನ ದಿನದ ಪದ್ಧತಿಯೆಂದು ಅವರು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಓದು ಬಾರದವರು ಹಲವರು. ಯಾರ ಮನೆಯಲ್ಲಿ ಮದುವೆ, ಯಾರ ಮಗನಿಗೆ ವರ್ಗವಾಯಿತು, ಎಲ್ಲವೂ ಪುಟ್ಟಯ್ಯನ ಬಾಯಿಂದಲೇ ಬೀದಿಗೆ ಗೊತ್ತಾಗಬೇಕು. ಅವರು ಬರೀ ಓದುವುದಿಲ್ಲ. ಬರೆದವರ ದನಿ ತೆಗೆದು ಓದುತ್ತಾರೆ. ನನ್ನ ರಾಗವನ್ನು ನನಗಿಂತ ಚೆನ್ನಾಗಿ ತೆಗೆದರು.

"ಮುಟ್ಟೀನಿ ಅಂತೆ ಕಣ್ಲಾ! ಏನ್ ಮುಟ್ಟಿದನೋ!"

"ಸುಮ್ಕಿರ್ಲಾ, ಮುಂದೆ ಕೇಳಾನ."

"ಮುದ್ದಿ ದವಡಿಗೆ ಹತ್ತಿ ಬಾಳ ತ್ರಾಸ ಆತು..." ಪುಟ್ಟಯ್ಯನಿಗೆ ಮುಂದೆ ಓದಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಸಂದಾಗೈತೆ ಸ್ವಾಮಿ. ನಿಮ್ಮಕ್ಕಾವ್ರೂ ಮೊದ್ಲು ಹಿಂಗೇ ಬರೀತಿದ್ರು. ಅವ್ರ ಕಾರ್ಡ್ ಬಂತು ಅಂದ್ರೆ ಜನ ಕಾಯೋರು. ಈಗ್ಯಾಕೋ ಬರೀ ಕ್ಷೇಮ ಅಂತಾರೆ, ಸಪ್ಪೆ."

ನಾನು ಕಾರ್ಡನ್ನು ಅವರ ಕೈಯಿಂದ ಇಸಕೊಂಡು ಜೇಬಿಗಿಟ್ಟೆ. ವಿಳಾಸ ತಪ್ಪಿದೆ ಎಂದು ಸುಳ್ಳು ಹೇಳಿ ಇನ್ನೊಂದು ಕಾರ್ಡು ಕೊಂಡೆ. ಅದೇ ಮೂಟೆಯ ಮೇಲೆ ಕುಳಿತು ಬರೆದೆ. ನಾನು ಸುಖವಾಗಿ ತಲುಪಿದೆನು. ಇಲ್ಲಿ ಎಲ್ಲರೂ ಕ್ಷೇಮ. ಬುಧವಾರ ಬರುವೆನು. ಶರಣು. ಪುಟ್ಟಯ್ಯ ಅದನ್ನೂ ಓದಿದರು. ಯಾರೂ ನಗಲಿಲ್ಲ. ಆರೂ ಮಂದಿ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಮನೆಗೆ ಬಂದು ದಿನಚರಿಯಲ್ಲಿ ಎಂದಿನಂತೆ ಜಾವಕ ಬರೆದೆ: ಕಾರ್ಡು ಒಂದು, ಸಾಲು ನಾಲ್ಕು. ಬರೆದ ಮೇಲೆ ಆ ಅಂಕಿಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ನಗುವಿನ ಲೆಕ್ಕವನ್ನು ಅಂದು ಒಂಬತ್ತಕ್ಕೆ ನಿಲ್ಲಿಸಿದೆ.

ಹುಲಿಕೆರೆ, ರವಿವಾರ, ಇವರಿಗೆ ಭಾನುವಾರ

ಹುಲಿಕೆರೆಯಲ್ಲಿ ಹಳೆಯ ಕಲ್ಯಾಣಿಯಿದೆ, ನೋಡಿ ಬರೋಣ ಎಂದು ಅಕ್ಕನೇ ಕರೆದಳು. ಗೌರಮ್ಮನವರು ಬಾಗಿಲವರೆಗೆ ಬಂದು, "ನಿಧಾನಕ್ಕೆ ನಡೆಸ್ಕೊಂಡು ಹೋಗಪ್ಪ, ಅಲ್ಲಲ್ಲಿ ಕೂರ್ಸು" ಎಂದು ಮೂರು ಸಲ ಹೇಳಿದರು. ಇಷ್ಟು ನಗುವ ಹೆಂಗಸು ಇಷ್ಟು ಕಾಳಜಿ ಮಾಡುವುದನ್ನು ನೋಡಿ ನನಗೆ ಅರ್ಥವಾಗಲಿಲ್ಲ.

ಊರು ದಾಟುವವರೆಗೆ ಅಕ್ಕ ಮಾತಾಡಲಿಲ್ಲ. ಕಲ್ಯಾಣಿಯ ಹತ್ತಿರ ಯಾರೂ ಇರಲಿಲ್ಲ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುನಡುವೆ ಪುಟ್ಟ ಪುಟ್ಟ ಗುಡಿಗಳು, ತಳದಲ್ಲಿ ಹಸಿರು ನೀರು. ಅವಳು ಮೇಲಿನ ಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೂಡೋ ತಮ್ಮಾ," ಎಂದಳು. "ಕಾಲ ಸೋತಾವ."

ಎರಡು ದಿನದಲ್ಲಿ ಮೊದಲ ಸಲ ನಮ್ಮ ಮಾತು. ನಾನು ಕುಳಿತೆ.

"ಪುಟ್ಟಯ್ಯ ನಿನ್ನ ಕಾರ್ಡ ಓದಿದನಂತ?"

"ಓದಿದ."

"ನಕ್ಕರೇನು?"

"ನಕ್ಕರು. ಮತ್ತೊಂದು ಬರದೆ."

"ಅದು ಎಷ್ಟ ಸಾಲು?"

"ನಾಕು."

ಅವಳು ನಕ್ಕಳು. ಬಾಯಿ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಆ ನೀರು ನಗುವಿನದಾಗಿ ಉಳಿಯಲಿಲ್ಲ. ನನಗೆ ಏನು ಮಾಡಬೇಕೆಂದು ತಿಳಿಯದೆ, "ಕೆಳಗ ಇಳದ ನೋಡೂಣ ಬಾ" ಎಂದು ನಾಲ್ಕು ಮೆಟ್ಟಿಲು ಇಳಿದೆ.

"ನಾ ಇಳಿಯಂಗಿಲ್ಲ. ಅತ್ತಿ ಬ್ಯಾಡ ಅಂದಾರ." ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಹೇಳಿದಳು: "ನನಗ ಐದ ತಿಂಗಳೋ."

ನಾನು ಮೆಟ್ಟಿಲ ಮೇಲೇ ನಿಂತೆ. ಮನಸ್ಸು ತನ್ನ ಹಳೆಯ ಚಟಕ್ಕೆ ಬಿದ್ದು ಹಿಂದಕ್ಕೆ ಎಣಿಸಿತು. ಹನ್ನೊಂದನೆಯ ಕಾರ್ಡಿನಿಂದ ಹದಿನಾಲ್ಕರವರೆಗೆ. ನಾಲ್ಕು ಕಾರ್ಡು ಈ ಸುದ್ದಿಯನ್ನು ಬಿಟ್ಟು ಹೊಳೆ ದಾಟಿ ಬಂದಿದ್ದವು. ಚೊಚ್ಚಲ ಬಸಿರಿನ ಸುದ್ದಿ ತವರಿಗೆ ತಿಳಿಯದಿರುವುದು ಎಲ್ಲಾದರೂ ಉಂಟೇ?

"ಅವ್ವಗ ಯಾಕ ಬರೀಲಿಲ್ಲ?"

"ನಾಕ ಸಲ ಬರೀಲಿಕ್ಕೆ ಕುಂತೆ. ಅವ್ವಾ, ನನಗ, ಅಂತ ಶುರು ಮಾಡ್ತಿದ್ದೆ. ಪುಟ್ಟಯ್ಯ ಅದನ್ನ ನನ್ನ ರಾಗ ತಗದು ಓದೂದು ಕಿವ್ಯಾಗ ಬರ್ತಿತ್ತು. ಅಂಗಡಿ ತುಂಬ ನಗಿ. ಬ್ಯಾರೆ ಯಾವದಕ್ಕರ ನಗಲಿ. ಈ ಸುದ್ದಿಗೆ ನಗೂದು ನನಗ ಬ್ಯಾಡಾಗಿತ್ತು."

"ಲಕೋಟಿ ಹಾಕಬೇಕಿತ್ತು."

"ಲಕೋಟಿ ಬೇಲೂರಾಗ ಸಿಗ್ತೈತಿ. ಯಾರಿಗೆ ತಾ ಅನ್ಲಿ? ಮುಚ್ಚಿದ ಕಾಗದ ಅಂದ್ರ ಇಲ್ಲೆ ಏನೋ ದೂರು ಬರದಾಳ ಅಂತಾರ."

"ಹಂಗಾರ ಅವರ ಮಾತಿನಾಗ ಬರದು ಹಾಕಬೇಕಿತ್ತು. ಯಾರೂ ನಗ್ತಿದ್ದಿಲ್ಲ."

ಅವಳು ನನ್ನನ್ನು ನೋಡಿದಳು. "ಅವ್ವಗ? ಈ ಸುದ್ದಿ? ಅವರ ಮಾತಿನಾಗ?"

 ಅವ್ವ ಹೇಳಿ ಕಳಿಸಿದ ಎರಡು ಮಾತುಗಳನ್ನು ಅವಳ ಮುಂದಿಟ್ಟೆ. ಸುಖ ಇದ್ದರೆ ಬಿಟ್ಟು ಬಾ, ಇಲ್ಲದಿದ್ದರೆ ಕರೆದುಕೊಂಡು ಬಾ.

"ಅತ್ತಿ ಕೆಟ್ಟವರಲ್ಲ," ಎಂದಳು ಅಕ್ಕ. "ಇವರಂತೂ ನೀರ ಕೇಳಿದ್ರ ಹಾಲ ತರೂ ಪೈಕಿ. ಯಾರೂ ಒಂದ ಬಿರುಸ ಮಾತ ಆಡಿಲ್ಲ. ಆದ್ರ ಮುಂಜಾನಿಂದ ಸಂಜೀತನಕ ಒಂದೊಂದ ಮಾತೂ ಬಾಯಾಗ ತಿರುವಿ ಹಾಕಿ ಆಮ್ಯಾಲೆ ಆಡಬೇಕು. ಸಂಜಿಗೆ ದವಡಿ ನೋಯ್ತಾವೋ ತಮ್ಮಾ. ಖರೇನ ನೋಯ್ತಾವ. ಇದು ಸುಖಾನೋ ಏನೋ, ನಿನ್ನ ಪುಸ್ತಕದಾಗ ಯಾವ ಮಗ್ಗಲಿಗೆ ಬರಕೋತಿ ಬರಕೋ."

"ನನ್ನ ಕೂಡ ಬರ್ತಿಯೇನು?"

"ಈಗ ನಿನ್ನ ಕೂಡ ಬಂದ್ರ ಬಿಟ್ಟ ಬಂದಂಗ. ಹಂಗ ಬರಂಗಿಲ್ಲ. ಅವ್ವ ಬರಲಿ. ಏಳನೇ ತಿಂಗಳಾಗ ಕುಬಸ ಮಾಡಿ, ಉಡಿ ತುಂಬಿಸಿ, ಎಲ್ಲಾರೂ ನೋಡೂಹಂಗ ಕರಕೊಂಡ ಹೋಗಲಿ." ಎದ್ದು ಸೀರೆ ಕೊಡವಿಕೊಂಡಳು. "ನಾಳೆ ಬೇಲೂರಿಗೆ ಹೋದಾಗ ಒಂದ ಲಕೋಟಿ ತಾ. ನಾ ಬರದ ಕೊಡ್ತೇನಿ. ನೀ ಸೈತ ಓದಬಾರ್ದು."

ಊರಿನ ಮೊದಲ ಮನೆ ಕಾಣುತ್ತಲೇ, "ಬಿಸಿಲು ಜಾಸ್ತಿ ಆಯ್ತು, ಬೇಗ ನಡಿ" ಎಂದಳು.

ಬೇಲೂರು, ಸೋಮವಾರ

ಬಾವ ಗುಡಿ ತೋರಿಸಲು ಕರೆದುಕೊಂಡು ಹೋದರು. ಅಲ್ಲೊಬ್ಬರು ಗೈಡು ನಮ್ಮಿಬ್ಬರನ್ನು ನೋಡಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಕನ್ನಡದಲ್ಲೇ ಹೇಳಿ ಎಂದರೆ ನಡುವೆ ತಡೆದರು, ಮತ್ತೆ ಮೊದಲಿನಿಂದ ಇಂಗ್ಲಿಷಿನಲ್ಲಿ ಹೊರಟರು. ಇಪ್ಪತ್ತು ವರ್ಷದಿಂದ ಒಂದೇ ಪಾಠ ಒಪ್ಪಿಸಿ, ಕನ್ನಡದಲ್ಲಿ ಆ ಕಂಬದ ಬಗ್ಗೆ ಹೇಳುವುದು ಮರೆತೇಹೋಗಿದೆ ಎಂದು ನಾಚಿಕೊಂಡರು. ನಾನು ನಗಲಿಲ್ಲ. ಅವರ ದವಡೆಯೂ ನೋಯುತ್ತಿರಬಹುದು ಎನಿಸಿತು.

ಹೊರಗೆ ಕಟ್ಟೆಯ ಮೇಲೆ ಕುಳಿತಾಗ ಬಾವ ಬಹಳ ಹೊತ್ತು ಚಪ್ಪಲಿಯ ಬಾರು ಸರಿಮಾಡಿಕೊಂಡರು. ಆಮೇಲೆ ಕೇಳಿದರು: "ನಿಜ ಹೇಳಪ್ಪ. ಅವಳನ್ನ ಕರ್ಕೊಂಡ್ಹೋಗಕ್ಕೆ ಬಂದಿದೀಯಾ?"

"ಯಾಕ್ರಿ ಹಂಗ ಕೇಳ್ತೀರಿ?"

"ಮೂರು ತಿಂಗಳಿಂದ ಅಮ್ಮ ಬಡ್ಕೋತಾವ್ರೆ, ಊರಿಗೆ ಬರಿಯೇ, ವಿಷಯ ತಿಳಿಸೇ ಅಂತ. ಬರೆದಿದೀನಿ ಅಂತಾಳೆ. ಪುಟ್ಟಯ್ಯ ಓದ್ದಾಗ ನೋಡಿದ್ರೆ ಬರೀ ಕ್ಷೇಮ. ಇವಳಿಗೆ ನಮ್ಮನೇಲಿ ಮಗು ಆಗೋದೇ ಇಷ್ಟ ಇಲ್ವೇನೋ, ಅದಕ್ಕೇ ತವರಿಗೆ ಹೇಳ್ತಿಲ್ಲ ಅಂತ ಅಮ್ಮ ಒಬ್ರೇ ಕೂತು ಕಣ್ಣೀರ್ ಹಾಕ್ತಾರೆ. ನೀನು ಬಂದಾಗಿಂದ ಅವ್ರಿಗೆ ಊಟ ಸೇರ್ತಿಲ್ಲ."

ಊಟ ಸೇರದವರು ಹಾಗೆ ನಗುತ್ತಿದ್ದರೇ ಎಂದು ನಾನು ಬೆರಗಾದೆ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಕಾರ್ಡುಗಳ ಸಾಲಿನ ಲೆಕ್ಕ ಹೇಳಿದೆ, ಪುಟ್ಟಯ್ಯ ತೆಗೆಯುವ ರಾಗ ಹೇಳಿದೆ, ಸಂಜೆಗೆ ನೋಯುವ ದವಡೆಯ ಮಾತನ್ನೂ ಹೇಳಿದೆ.

ಬಾವ ಕೇಳುತ್ತ ಕೇಳುತ್ತ ತಲೆ ತಗ್ಗಿಸಿದರು. "ಪುಟ್ಟಯ್ಯ ನಮ್ಮೋರೇ ಅಲ್ವಾ, ಓದಿದ್ರೇನು ಅಂದ್ಕೊಂಡಿದ್ದೆ," ಎಂದರು. ಮತ್ತೆ ಚಪ್ಪಲಿಯ ಬಾರಿಗೆ ಕೈಹಾಕಿ: "ನಾನೂ ನಗ್ತಿದ್ದೆ."

ಅಂಚೆ ಕಚೇರಿಗೆ ಅವರೇ ಮುಂದೆ ನಡೆದರು. ನಾನು ಒಂದು ಲಕೋಟೆ ಕೇಳುವಷ್ಟರಲ್ಲಿ ಅವರು ಹನ್ನೆರಡು ಕೊಂಡಿದ್ದರು. ಬಸ್ಸಿಗೆ ಕಾಯುತ್ತ ಹನ್ನೊಂದರ ಮೇಲೆ ನನ್ನಿಂದ ಅವ್ವನ ವಿಳಾಸ ಬರೆಸಿದರು. ಮುಂದೆ ತಾನೇ ಬೇಲೂರಿಗೆ ಬಂದು ಹಾಕುತ್ತೇನೆ ಎಂದರು.

ಹಳೇಬೀಡು, ಮಂಗಳವಾರ

ಬಾವ ರಾತ್ರಿಯೇ ತಾಯಿಗೆ ಹೇಳಿರಬೇಕು. ಬೆಳಿಗ್ಗೆ ನಾನು ಹೊರಡಲು ಚೀಲ ಕಟ್ಟುವಾಗ ಗೌರಮ್ಮನವರು ಒರಳಿನ ಹತ್ತಿರ ಕುಳಿತು ನನ್ನನ್ನು ಕರೆದರು.

"ಅಲ್ಲಪ್ಪ, ನಗೋದು ತಪ್ಪಾ? ಇಷ್ಟ ಇಲ್ದೋರ ಮಾತಿಗೆ ಯಾರಾದ್ರೂ ನಗ್ತಾರಾ? ನನ್ ದೊಡ್ಡ ಸೊಸೆ ಇದೇ ತಾಲ್ಲೂಕಿನೋಳು, ಬೇರೆ ಹೋದ್ಲು. ಅವಳ ಮಾತಿಗೆ ಒಂದಿನಾನೂ ನಕ್ಕಿಲ್ಲ ನಾನು." ಒಳಗಿನಿಂದ ಬಂದ ಅಕ್ಕನನ್ನು ನೋಡಿ ದನಿ ಎತ್ತರಿಸಿದರು. "ಏನೇ, ದವಡೆ ನೋಯ್ತದಂತೆ? ನನಗೆ ಹೇಳಕ್ಕೇನಾಗಿತ್ತು ನಿನಗೆ?"

"ಹೇಳಿದ್ರೆ ಅದಕ್ಕೂ ನಗ್ತಿದ್ರಿ ಅತ್ತೆ."

ಗೌರಮ್ಮನವರಿಗೆ ನಗು ಬಂದೇಬಿಟ್ಟಿತು. ಥಟ್ಟನೆ ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡರು. ಅದರ ಮೇಲಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಸೆರಗು ತೆಗೆದಾಗ ಅಳುತ್ತಿದ್ದರು.

"ನಿಮ್ಮಮ್ಮಂಗೆ ಹೇಳು," ಎಂದರು ನನಗೆ. "ಏಳನೇ ತಿಂಗಳಿಗೆ ಬರ್ಲಿ. ಅವ್ರ ಪದ್ಧತಿ ಏನೈತೋ ಮಾಡಿ ಕರ್ಕೊಂಡ್ಹೋಗ್ಲಿ. ನಾನು ನಗಲ್ಲ ಅಂತ ಹೇಳು. ಇಲ್ಲ, ಬೇಡ, ನಗ್ತೀನಿ, ನನ್ ಬಾಯಿ ನನ್ ಮಾತು ಕೇಳಲ್ಲ. ಆದ್ರೂ ಬರ್ಲಿ ಅಂತ ಹೇಳು."

ಬಸ್ಸು ನಿಲ್ಲುವುದು ಪುಟ್ಟಯ್ಯನ ಅಂಗಡಿಯ ಎದುರಿಗೇ. ಬಾವ, ಗೌರಮ್ಮನವರು, ಪಕ್ಕದ ಮನೆಯ ಹೆಂಗಸರು, ಎಲ್ಲರೂ ಬಂದಿದ್ದರು. ಅಕ್ಕ ಅಂಟಿಸಿದ ಲಕೋಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ದಪ್ಪಗಿತ್ತು. 

"ಅದೇನಮ್ಮ ಲಕೋಟೆ?" ಎಂದರು ಪುಟ್ಟಯ್ಯ ತಕ್ಕಡಿ ಬಿಟ್ಟು. "ಏನ್ ವಿಶೇಷ?"

ಅಕ್ಕ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿದಳು. "ಇದು ನಮ್ಮವ್ವಗ ಬರದದ್ದು ಪುಟ್ಟಯ್ಯನವರ," ಎಂದಳು, ನಮ್ಮ ಓಣಿಯ ದನಿಯಲ್ಲಿ. "ನಿಮಗ ಬರದಾಗ ನೀವು ಓದೀರಂತ."

ಬೀದಿ ನಕ್ಕಿತು. ಪುಟ್ಟಯ್ಯನೂ ನಕ್ಕರು, ತುಸು ತಡವಾಗಿ. ಅಕ್ಕ ಮಾತ್ರ ನಗದೆ, ನಿಲ್ಲಿಸದೆ, ಅದೇ ದನಿಯಲ್ಲಿ ನನಗೆ ಹೇಳುತ್ತಲೇ ಇದ್ದಳು: ಹಾದ್ಯಾಗ ಉಪಾಸ ಇರಬ್ಯಾಡ, ಚೀಲ ತಲಿದೆಸಿಗೆ ಇಟಗೊಂಡ ಮಲಗು, ಅವ್ವಗ ಮೊದಲ ಲಕೋಟಿ ಕೊಡು, ಆಮ್ಯಾಲೆ ಬಾಯಿ ಬಿಡು. ಬಸ್ಸು ಹೊರಟ ಮೇಲೂ ಅವಳ ದನಿ ಕೇಳುತ್ತಿತ್ತು. ನೋಡಿದರೆ ಅವಳ ಮುಖ ಬಳಲಿತ್ತು. ದೊಡ್ಡದೊಂದು ಕಲ್ಲು ಸರಿಸಿ ನಿಂತವರ ಹಾಗೆ. ನಾಳೆ ಆ ಕಲ್ಲು ಮತ್ತೆ ಅಲ್ಲಿಗೇ ಬಂದಿರುವುದಿಲ್ಲ ಎಂದು ನಾನು ಹೇಳಲಾರೆ.

ಬೀದಿಯ ಆ ನಗುವಿಗೆ ನಾನು ಗೀಟು ಹಾಕಲಿಲ್ಲ. ಅದು ಪುಟ್ಟಯ್ಯನ ಲೆಕ್ಕಕ್ಕೆ ಸೇರಬೇಕಾದದ್ದು.

ಧಾರವಾಡ, ಬುಧವಾರ

ಮನೆಗೆ ಬಂದಾಗ ಅಂಗಳದಲ್ಲಿ ಅವ್ವನ ಜೊತೆ ಓಣಿಯ ಮೂವರು ಹೆಂಗಸರು ಜೋಳ ಹಸನು ಮಾಡುತ್ತಿದ್ದರು. ಅವ್ವ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಇಲ್ಲದ್ದು ಕಂಡು ಕೇಳಿದಳು: "ಹೆಂಗ ಅದಾಳ?"

"ಚೆನ್ನಾಗಿದಾಳೆ," ಎಂದೆ.

ಮೊರಗಳು ನಿಂತವು. "ಅಯ್ಯ ನಮ್ಮವ್ವ, ಆರ ದಿನದಾಗ ಮೈಸೂರವ ಆಗಿ ಬಂದಾನಲ್ಲ!" ಎಂದಳೊಬ್ಬಳು. "ಚೆನ್ನಾಗಿದಾಳೆ ಅಂತ!" ಮೂವರೂ ಕೈ ತಟ್ಟಿ ನಕ್ಕರು.  ನಾಳೆ ಅಕ್ಕ ಹೆರಿಗೆಗೆ ಬಂದಾಗಲೂ ನಗಲು ಇದೇ ಅಂಗಳ, ಇದೇ ಮೂವರು ಎಂದು ಆ ಕ್ಷಣಕ್ಕೆ ಹೊಳೆಯಿತು. ದಿನಚರಿಯ ನಗುವಿನ ಪುಟದಲ್ಲಿ ಕೊನೆಯ ಗೀಟು ಹೊಳೆಯ ಈಚೆಗಿನದು.

ಅವ್ವ ನಗಲಿಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಎಳೆದಳು. ನಾನು ಲಕೋಟೆ ಕೊಟ್ಟೆ, ಬಾಯಿ ಬಿಡಲಿಲ್ಲ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಕಿಟಕಿಯ ಬೆಳಕಿಗೆ ಹಿಡಿದು ತುಟಿ ಅಲ್ಲಾಡಿಸುತ್ತ ಓದಿದಳು. ಮೂರು ಹಾಳೆ, ಎರಡೂ ಮಗ್ಗಲು; ಸಾಲೆಷ್ಟೆಂದು ನನಗೆ ಗೊತ್ತಿಲ್ಲ. ಎರಡನೆಯ ಹಾಳೆಯ ಹೊತ್ತಿಗೆ ಒಮ್ಮೆ ನಿಲ್ಲಿಸಿ ಹಾಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಮತ್ತೆ ಎತ್ತಿಕೊಂಡಳು.

ಓದಿ ಮುಗಿಸಿ ಹಾಳೆಗಳನ್ನು ಲಕೋಟೆಗೆ ಸೇರಿಸುತ್ತ ಕೇಳಿದಳು: "ಅಲ್ಲಿ ಮಂದಿ ಕಸಬರಿಗಿಗೆ ಏನಂತಾರೋ?"

ನಾನು ದಿನಚರಿ ತೆಗೆದೆ. ಆ ಕಡೆಯ ಮಾತು, ಈ ಕಡೆಯ ಮಾತು ಎಂದು ಎರಡು ಕಾಲಮ್ಮು ಮಾಡಿ ಮೂವತ್ತೆಂಟು ಜೋಡಿ ಬರೆದಿದ್ದೆ. ಪೊರಕೆಯಿಂದ ಶುರುಮಾಡಿ ಒಂದೊಂದೇ ಓದಿದೆ. ಅವ್ವ ಪ್ರತಿಯೊಂದನ್ನೂ ಮೆಲ್ಲಗೆ ತಾನೂ ಅಂದು ನೋಡಿದಳು. ಈರುಳ್ಳಿ. ಚೊಂಬು. ಬೇಗ. ಐದಾರು ಆದ ಮೇಲೆ ಕೈ ಅಡ್ಡ ಹಿಡಿದಳು.

"ಸಾಕ ಬಿಡು. ನಾ ಅಲ್ಲಿ ಹೋದ್ರೂ ನನ್ನ ಮಾತ ಆಡ್ತೇನಿ." ಲಕೋಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಗಲಿ. ಇಬ್ಬರಿಗೂ ಕೂಡಿ ನಕ್ಕರ, ಆಕೀ ಪಾಲಿಗೆ ಅರ್ಧಾನ ಬರ್ತೈತಿ."